ಹಣ್ಣಿನ ನೊಣದ ಮೈಗಾವಲು

೨೦೨೩ನೆಯ ಇಸವಿಯ ಮಾಗಿಯಲ್ಲಿ ಒಂದು ಗ್ರಾಮದ ಹುಳುಮನೆಯನ್ನು ನೋಡಲು ಹೋಗಿದ್ದಾಗ, ಅಲ್ಲಿಯ ವೃದ್ಧ ರೇಷ್ಮೆ ಬೆಳೆಗಾರರೊಬ್ಬರು ನನ್ನನ್ನು ಒಂದು ಪ್ರಶ್ನೆ ಕೇಳಿದರು. ಅವರ ಆ ಬೆಳೆಯ ಹುಳುಗಳಲ್ಲಿ ಅರ್ಧಕ್ಕೂ ಹೆಚ್ಚು, ನಾಲ್ಕನೆಯ ಜ್ವರವೆದ್ದ ಮೂರು ದಿನಗಳೊಳಗೆ ಸಪ್ಪೆರೋಗದಿಂದ ಕೆಟ್ಟುಹೋಗಿದ್ದವು. ಕೆಟ್ಟ ಹುಳುಗಳನ್ನು ತಿಪ್ಪೆಗೆ ಸುರಿಯಬಾರದು, ಗುಂಡಿ ತೆಗೆದು ಸುಣ್ಣ ಹಾಕಿ ಹೂಳಬೇಕು ಎಂದು ನಾನು ಹೇಳುತ್ತಿರುವಾಗಲೇ ಅವರು, “ಸ್ವಾಮಿ, ದನಕ್ಕೆ ಗಂಟಲುಬೇನೆಗೂ ಕಾಲುಬಾಯಿ ಜ್ವರಕ್ಕೂ ಸೂಜಿ ಹಾಕಿಸುತ್ತೀರಿ. ಕೋಳಿಗೆ ಕೊಕ್ಕರೆರೋಗಕ್ಕೆ ಹಾಕಿಸುತ್ತೀರಿ. ನಮ್ಮ ಹುಳಕ್ಕೆ ಮಾತ್ರ ಯಾವ ಸೂಜಿಯೂ ಯಾಕಿಲ್ಲ?” ಎಂದರು. ಹುಳುವಿನ ಮೈಯಲ್ಲಿ ಸೂಜಿಮದ್ದನ್ನು ನೆನಪಿಟ್ಟುಕೊಳ್ಳುವ ಅಂಗಗಳಿಲ್ಲವೆಂದು ಒಂದೇ ಮಾತಿನಲ್ಲಿ ಹೇಳಿ ಬಂದೆನು. ಆ ಉತ್ತರವು ಸುಳ್ಳಲ್ಲ. ಆದರೆ ಅರ್ಧ ಮಾತ್ರ. ಕೀಟಗಳ ಮೈಯೊಳಗೆ ರೋಗದ ಸಂಗಡ ನಡೆಯುವ ಹೋರಾಟವು ಎಂತಹುದೆಂಬುದನ್ನು ತಿಳಿದ ಹೊರತು ಆ ಪ್ರಶ್ನೆಗೆ ಪೂರ್ತಿಯಾದ ಉತ್ತರವಿಲ್ಲ. ಈ ತಿಳುವಳಿಕೆಯ ಬಹುಪಾಲು ರೇಷ್ಮೆಹುಳುವಿನಿಂದ ಬಂದುದಲ್ಲ. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಣ್ಣ ನೊಣದಿಂದ ಬಂದುದು.

ಕಳಿತ ಬಾಳೆಯ ಹಣ್ಣು ಮೂಲೆಯಲ್ಲಿ ಒಂದೆರಡು ದಿನ ಬಿದ್ದಿದ್ದರೆ ಎಲ್ಲಿಂದಲೋ ಬಂದು ಮುತ್ತುವ ಕೆಂಗಣ್ಣಿನ ಸಣ್ಣ ನೊಣಗಳನ್ನು ನೋಡದವರಿಲ್ಲ. ಎಂಟು ಹತ್ತು ನೊಣಗಳನ್ನು ಸಾಲಾಗಿ ಇಟ್ಟರೆ ಒಂದು ಅಂಗುಲವಾಗುವುದು. ಶಾಸ್ತ್ರಜ್ಞರು ಇದಕ್ಕೆ ಡ್ರೊಸೊಫಿಲ ಮೆಲನೊಗ್ಯಾಸ್ಟರ್ ಎಂದು ಹೆಸರಿಟ್ಟಿರುತ್ತಾರೆ. ಮಾವು, ಸೀಬೆಗಳನ್ನು ಕೆಡಿಸುವ ಹಣ್ಣುನೊಣವೇ ಇದೆಂದು ನಮ್ಮ ರೈತರು ಭಾವಿಸುವುದುಂಟು, ಅದು ತಪ್ಪು. ಆ ನೊಣವು ಬೇರೊಂದು ಕುಟುಂಬಕ್ಕೆ ಸೇರಿದುದು, ಗಾತ್ರದಲ್ಲಿ ದೊಡ್ಡದು, ಮರದ ಮೇಲಿರುವ ಗಟ್ಟಿಯಾದ ಕಾಯಿಗೇ ಚುಚ್ಚಿ ಮೊಟ್ಟೆಯಿಡುವುದು. ಈ ಲೇಖನದ ನೊಣವಾದರೋ ಕೊಳೆತುದನ್ನು ಮಾತ್ರ ಹುಡುಕಿ ಬರುವುದು. ಕೊಳೆತುದರಲ್ಲಿ ಬೆಳೆಯುವ ಹುದುಗನ್ನು ತಿಂದು ಬದುಕುವುದು. ೨೫ ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಮೊಟ್ಟೆಯಿಂದ ರೆಕ್ಕೆಯ ನೊಣವಾಗಲು ಹತ್ತು ದಿನಗಳು ಸಾಕು. ಸಾಕುವುದಕ್ಕೆ ಒಂದು ಸೀಸೆ, ಒಂದಿಷ್ಟು ಗಂಜಿ, ಬಾಯಿಗೆ ಅರಳೆ, ಇಷ್ಟೇ ಬೇಕಾದುದು. ಈ ಸೌಕರ್ಯದಿಂದಲೇ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯದಲ್ಲಿ ಟಿ. ಎಚ್. ಮಾರ್ಗನ್ ಅವರು ಇದನ್ನು ಸಾಕಿದರು. ೧೯೧೦ರಲ್ಲಿ ಕೆಂಗಣ್ಣಿನ ಹಿಂಡಿನಲ್ಲಿ ಕಾಣಿಸಿಕೊಂಡ ಒಂದು ಬಿಳಿಗಣ್ಣಿನ ಗಂಡುನೊಣದಿಂದ ಆನುವಂಶಿಕತೆಯ ನಿಯಮಗಳನ್ನು ಹೊರಗೆಡಹಿ ೧೯೩೩ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲಿಯೂ ಈ ಜಾತಿಯ ನೊಣಗಳ ತಳಿಗಳನ್ನು ಸಾಕಿ ಸಂಶೋಧಕರಿಗೆ ಒದಗಿಸುವ ಕೇಂದ್ರವಿರುತ್ತದೆ.

ಕೊಳೆತ ಹಣ್ಣೆಂದರೆ ಸೂಕ್ಷ್ಮಜೀವಿಗಳ ಸಂತೆ. ಅಲ್ಲಿಯೇ ಮೊಟ್ಟೆ, ಅಲ್ಲಿಯೇ ಮರಿ, ಅಲ್ಲಿಯೇ ಊಟ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಒಂದೇ ಒಂದು ಬ್ಯಾಕ್ಟೀರಿಯವು ನೊಣದ ರಕ್ತಕ್ಕೆ ಸೇರಿತೆಂದರೆ, ತಡೆಯುವವರಿಲ್ಲದಿದ್ದಲ್ಲಿ, ಹತ್ತು ಗಂಟೆಗಳಲ್ಲಿ ಹತ್ತು ಲಕ್ಷವನ್ನು ಮೀರುವುದು. ಮನುಷ್ಯನಿಗೂ ದನಕರುಗಳಿಗೂ ಇಂತಹ ಕಾಲದಲ್ಲಿ ಎರಡು ವಿಧವಾದ ರಕ್ಷಣೆಗಳುಂಟು. ಒಂದು ಹುಟ್ಟಿನಿಂದಲೇ ಬಂದುದು, ಶತ್ರು ಯಾರೆಂದು ವಿಚಾರಿಸದೆ ಒಡನೆಯೇ ಮೇಲೆ ಬೀಳುವುದು. ಇನ್ನೊಂದು ಕಲಿತು ಬಂದುದು. ಒಂದೊಂದು ರೋಗಾಣುವಿಗೂ ತಕ್ಕ ಪ್ರತಿಕಾಯವನ್ನು ತಯಾರಿಸಿ, ಅದರ ಗುರುತನ್ನು ವರ್ಷಗಟ್ಟಲೆ ಜ್ಞಾಪಕದಲ್ಲಿಟ್ಟುಕೊಳ್ಳುವುದು. ಸೂಜಿಮದ್ದು ಕೆಲಸ ಮಾಡುವುದು ಈ ಎರಡನೆಯದರ ಮೂಲಕ. ಅದು ಮೊದಲ ಸಲ ಸಿದ್ಧವಾಗಬೇಕಾದರೆ ಒಂದು ವಾರವಾದರೂ ಬೇಕು. ಹತ್ತು ದಿನಗಳಲ್ಲಿ ಹುಟ್ಟಿ ಬೆಳೆದು ಮುಗಿಯಬೇಕಾದ ಪ್ರಾಣಿಗೆ ಅಷ್ಟು ಬಿಡುವೆಲ್ಲಿ? ಕೀಟಗಳಲ್ಲಿ ಪ್ರತಿಕಾಯಗಳಿಲ್ಲ, ಅವನ್ನು ತಯಾರಿಸುವ ಕಣಗಳೂ ಇಲ್ಲ. ಇರುವುದು ಮೊದಲನೆಯ ರಕ್ಷಣೆಯೊಂದೇ. ಆದರೂ ಭೂಮಿಯ ಮೇಲೆ ಕೀಟಗಳಷ್ಟು ಬಗೆಬಗೆಯ ಪ್ರಾಣಿಗಳು ಬೇರಿಲ್ಲವೆಂಬುದನ್ನು ನೋಡಿದರೆ, ಆ ಒಂದೇ ರಕ್ಷಣೆಯು ಸಾಮಾನ್ಯವಾದುದಲ್ಲವೆಂದು ಒಪ್ಪಲೇಬೇಕು.

ಹೊರಗಿನ ಗೋಡೆಯ ವಿಷಯವನ್ನು ಬೇಗ ಹೇಳಿ ಮುಗಿಸಬಹುದು. ಮೈಮೇಲಿನ ಗಡಸಾದ ಚರ್ಮ, ಉಸಿರಿನ ನಾಳಗಳ ಒಳಗೂ ಅದೇ ಬಗೆಯ ಲೇಪ, ಕರುಳಿನ ನಡುಭಾಗದಲ್ಲಿ ಆಹಾರವನ್ನು ಸುತ್ತಿಕೊಂಡು ಅದು ಕರುಳಿನ ಕಣಗಳಿಗೆ ತಾಗದಂತೆ ತಡೆಯುವ ಒಂದು ತೆಳುವಾದ ಪೊರೆ, ಇವೇ ಆ ಗೋಡೆಗಳು. ಗೋಡೆಯಲ್ಲಿ ಬಿರುಕು ಬಿಟ್ಟರೆ ಮುಂದಿನ ಕೆಲಸವು ಪ್ರಾರಂಭವಾಗುವುದು. ಗಾಯದ ಬಾಯಲ್ಲಿ ರಕ್ತರಸವು ಹೆಪ್ಪುಗಟ್ಟುವುದು. ಆಮೇಲೆ ಅಲ್ಲಿ ಕಪ್ಪು ಬಣ್ಣವು ಕಾಣಿಸುವುದು. ನಮ್ಮ ರೇಷ್ಮೆ ಬೆಳೆಗಾರರಿಗೆ ಈ ಕಪ್ಪು ಹೊಸದೇನಲ್ಲ. ೧೯೮೦ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣದ ಮರಿಯು ರೇಷ್ಮೆಹುಳುವಿನ ಮೈಯನ್ನು ಕೊರೆದು ಒಳಹೊಕ್ಕ ಸ್ಥಳದಲ್ಲಿ ಉಳಿಯುವ ಕಪ್ಪು ಮಚ್ಚೆಯೂ ಇದೇ ಜಾತಿಯದು. ಹಣ್ಣಿನ ನೊಣದ ಮರಿಯ ರಕ್ತಕಣಗಳಲ್ಲಿ ನೂರಕ್ಕೆ ಐದರಷ್ಟು ಕಣಗಳು ತಮ್ಮೊಳಗೆ ಹರಳುಗಳನ್ನು ತುಂಬಿಕೊಂಡಿರುತ್ತವೆ. ಗಾಯವಾದೊಡನೆ ಅವು ಒಡೆದು, ಕರಿಯ ವಸ್ತುವನ್ನು ಉಂಟುಮಾಡುವ ರಸವನ್ನು ಹೊರಗೆ ಬಿಡುವುವು. ಆ ರಾಸಾಯನಿಕ ಕ್ರಿಯೆಯಲ್ಲಿ ಹುಟ್ಟುವ ತೀಕ್ಷ್ಣವಾದ ಪದಾರ್ಥಗಳು ಹತ್ತಿರವಿರುವ ಸೂಕ್ಷ್ಮಜೀವಿಗಳನ್ನೂ ಸುಡುವುವು.

ಉಳಿದ ನೂರಕ್ಕೆ ತೊಂಬತ್ತೈದರಷ್ಟು ರಕ್ತಕಣಗಳು ನುಂಗುವ ಜಾತಿಯವು. ಸಿಕ್ಕಿದ ಬ್ಯಾಕ್ಟೀರಿಯವನ್ನು ಅಪ್ಪಿ ಒಳಗೆಳೆದುಕೊಂಡು ಜೀರ್ಣಿಸುವುದೇ ಇವುಗಳ ಉದ್ಯೋಗ. ಇಂತಹ ಕಣಗಳನ್ನು ಮೊದಲು ಸರಿಯಾಗಿ ಗುರುತಿಸಿದವರು ರಷ್ಯದ ಎಲಿ ಮೆಚ್ನಿಕಾಫ್ ಅವರು. ೧೮೮೨ರಲ್ಲಿ ಇಟಲಿಯ ಮೆಸ್ಸಿನ ಎಂಬ ಊರಿನಲ್ಲಿ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಗಳಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟು ಮರುದಿನ ಬೆಳಗ್ಗೆ ನೋಡಲಾಗಿ, ಮುಳ್ಳಿನ ಸುತ್ತಲೂ ಚಲಿಸುವ ಕಣಗಳು ಗುಂಪುಗೂಡಿದ್ದವು. ಅವರಿಗೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇವಲ್ಲದೆ ನೊಣದ ಮರಿಗಳಲ್ಲಿ ಮೂರನೆಯ ಬಗೆಯ ಅಗಲವಾದ ಕಣಗಳೂ ಹುಟ್ಟುವುದುಂಟು. ಅವು ಪರಾವಲಂಬಿ ಕಣಜಗಳ ಮೊಟ್ಟೆಯನ್ನು ಸುತ್ತಿ ಉಸಿರು ಕಟ್ಟಿಸುವುದಕ್ಕಾಗಿ ಮಾತ್ರ. ಬ್ಯಾಕ್ಟೀರಿಯಕ್ಕೆ ಅವುಗಳ ಸಂಬಂಧವಿಲ್ಲ.

ಇಷ್ಟೇ ಆಗಿದ್ದರೆ ನೊಣವು ಇಷ್ಟು ಪ್ರಸಿದ್ಧಿಗೆ ಬರುತ್ತಿರಲಿಲ್ಲ. ೧೯೭೨ರಲ್ಲಿ ಸ್ವೀಡನ್ ದೇಶದ ಹಾನ್ಸ್ ಬೊಮಾನ್ ಅವರೂ ಅವರ ಇಬ್ಬರು ಸಹೋದ್ಯೋಗಿಗಳೂ ಈ ನೊಣಗಳಿಗೆ ಮೊದಲು ಅಷ್ಟೇನೂ ಅಪಾಯಕರವಲ್ಲದ ಬ್ಯಾಕ್ಟೀರಿಯವನ್ನು ಚುಚ್ಚಿ, ಸ್ವಲ್ಪ ಕಾಲ ಬಿಟ್ಟು, ಕೊಲ್ಲಬಲ್ಲ ಬೇರೊಂದನ್ನು ಚುಚ್ಚಿದರು. ಮೊದಲು ಚುಚ್ಚಿಸಿಕೊಂಡಿದ್ದ ನೊಣಗಳು ಎರಡನೆಯದನ್ನು ತಡೆದುಕೊಂಡವು. ಅಂದರೆ ಅವುಗಳ ರಕ್ತದಲ್ಲಿ ಯಾವುದೋ ಔಷಧವು ಹೊಸದಾಗಿ ಹುಟ್ಟಿತ್ತು. ಅದೇನೆಂದು ಬೇರ್ಪಡಿಸಿ ನೋಡೋಣವೆಂದರೆ ನೊಣದಲ್ಲಿರುವ ರಕ್ತವೆಷ್ಟು? ಆದಕಾರಣ ಬೊಮಾನರು ಅಮೆರಿಕದ ಸಿಕ್ರೋಪಿಯ ಎಂಬ ದೊಡ್ಡ ಕಾಡುರೇಷ್ಮೆ ಪತಂಗದ ಕೋಶಗಳನ್ನು ತೆಗೆದುಕೊಂಡರು. ನಮ್ಮ ಟಸರ್ ರೇಷ್ಮೆಯ ಪತಂಗವೂ ಇದೇ ಕುಟುಂಬದ್ದು. ಅದರ ರಕ್ತರಸದಿಂದ ೧೯೮೧ರ ಹೊತ್ತಿಗೆ ಸಿಕ್ರೋಪಿನ್ ಎಂಬ ಪದಾರ್ಥದ ರಚನೆಯು ಪೂರ್ತಿಯಾಗಿ ಗೊತ್ತಾಯಿತು. ಅದು ಕೇವಲ ೩೭ ಅಮೈನೋ ಆಮ್ಲಗಳ ಒಂದು ಚಿಕ್ಕ ಸಸಾರಜನಕ ಸರಪಣಿ. ಬ್ಯಾಕ್ಟೀರಿಯದ ಹೊರಪೊರೆಯು ಋಣ ವಿದ್ಯುದಂಶವುಳ್ಳದ್ದು, ಈ ಸರಪಣಿಯು ಧನ ವಿದ್ಯುದಂಶವುಳ್ಳದ್ದು. ಆದುದರಿಂದ ಇದು ಅದಕ್ಕೆ ಅಂಟಿಕೊಂಡು ಪೊರೆಯನ್ನು ಹರಿದುಬಿಡುವುದು. ಒಳಗಿನ ಸಾರವು ಸೋರಿಹೋಗಿ ಜೀವಿಯು ಸಾಯುವುದು. ರಕ್ತರಸದಲ್ಲಿ ತೇಲುವ ಇಂತಹ ಮದ್ದುಗಳನ್ನು ಪೆಪ್ಟೈಡ್‌ಗಳೆನ್ನುವರು.

ಆ ಮೇಲೆ ನೊಣದಲ್ಲಿಯೂ ಇಂತಹವು ಒಂದೊಂದಾಗಿ ಸಿಕ್ಕಿದವು: ಸಿಕ್ರೋಪಿನ್, ಡಿಪ್ಟೆರಿಸಿನ್, ಅಟ್ಟಾಸಿನ್, ಡ್ರೊಸೊಸಿನ್, ಡಿಫೆನ್ಸಿನ್, ಬೂಷ್ಟನ್ನು ಕೊಲ್ಲುವ ಡ್ರೊಸೊಮೈಸಿನ್, ಮೆಚ್ನಿಕಾಫ್ ಅವರ ಗೌರವಾರ್ಥವಾಗಿ ಹೆಸರಿಟ್ಟ ಮೆಚ್ನಿಕೊವಿನ್. ೨೦೧೫ರಲ್ಲಿ ಬೆಳಕಿಗೆ ಬಂದ ಇನ್ನೊಂದು ಗುಂಪಿಗೆ ಬೊಮಾನರ ಹೆಸರಿನಿಂದಲೇ ಬೊಮಾನಿನ್ ಎಂದು ಹೆಸರಾಯಿತು. ಇವುಗಳ ಮುಖ್ಯ ಕಾರ್ಖಾನೆಯು ನೊಣದ ಕೊಬ್ಬಿನ ಅಂಗ. ನಮ್ಮ ಪಿತ್ತಜನಕಾಂಗವು ಮಾಡುವ ಕೆಲಸದ ಬಹುಭಾಗವನ್ನು ಕೀಟಗಳಲ್ಲಿ ಇದು ಮಾಡುವುದು. ತಿಂದುದರಲ್ಲಿ ಮಿಕ್ಕುದನ್ನು ಕೂಡಿಡುವ ಕಣಜವೂ ಇದೇ, ಮದ್ದುಗುಂಡಿನ ಮನೆಯೂ ಇದೇ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು. ರೋಗಾಣುವು ಒಳಹೊಕ್ಕ ಕೆಲವೇ ಗಂಟೆಗಳಲ್ಲಿ ಇದರಿಂದ ಪೆಪ್ಟೈಡ್‌ಗಳು ಹೊರಬಿದ್ದು ಮೈತುಂಬ ಹರಡುವುವು.

ಶತ್ರು ಬಂದನೆಂದು ಕೊಬ್ಬಿನ ಅಂಗಕ್ಕೆ ಹೇಳುವವರು ಯಾರು? ಇದೇ ಈ ಶಾಸ್ತ್ರದಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಭಾಗ. ಬ್ಯಾಕ್ಟೀರಿಯಗಳ ಸುತ್ತಲೂ ಒಂದು ಬಲೆಯಂತಹ ಗೋಡೆಯಿರುತ್ತದೆ. ಸಕ್ಕರೆಯ ಎಳೆಗಳನ್ನು ಸಸಾರಜನಕದ ಚಿಕ್ಕ ಕೊಂಡಿಗಳಿಂದ ಹೆಣೆದ ಬಲೆಯದು. ಪ್ರಾಣಿಗಳ ಮೈಕಣಗಳಲ್ಲಿ ಇಂತಹ ಬಲೆ ಇಲ್ಲವೇ ಇಲ್ಲ. ಆದುದರಿಂದ ಈ ಬಲೆಯ ಚೂರು ರಕ್ತದಲ್ಲಿ ಸಿಕ್ಕಿತೆಂದರೆ ಅನ್ಯರು ಬಂದಿರುವರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈ ಚೂರನ್ನು ಹಿಡಿದು ಗುರುತಿಸುವ ಸಸಾರಜನಕವನ್ನು ೧೯೯೬ರಲ್ಲಿ ಜಪಾನಿನ ಸಂಶೋಧಕರು ಮೊಟ್ಟಮೊದಲು ಬೇರ್ಪಡಿಸಿದುದು ನಮ್ಮ ರೇಷ್ಮೆಹುಳುವಿನ ರಕ್ತರಸದಿಂದಲೇ ಎಂಬುದನ್ನು ರೇಷ್ಮೆಯ ನಾಡಿನವರಾದ ನಾವು ತಿಳಿದಿರುವುದು ಯುಕ್ತ. ಹಣ್ಣಿನ ನೊಣದಲ್ಲಿ ಈ ಬಳಗದ ೧೩ ವಂಶವಾಹಿಗಳಿವೆ.

ಬಲೆಯ ಕೊಂಡಿಗಳು ಎಲ್ಲ ಬ್ಯಾಕ್ಟೀರಿಯಗಳಲ್ಲಿಯೂ ಒಂದೇ ವಿಧವಲ್ಲ. ಡೆನ್ಮಾರ್ಕಿನ ಗ್ರಾಮ್ ಎಂಬ ವೈದ್ಯರು ೧೮೮೪ರಲ್ಲಿ ಕಂಡುಹಿಡಿದ ಬಣ್ಣದ ಪರೀಕ್ಷೆಯಿಂದ ಬ್ಯಾಕ್ಟೀರಿಯಗಳನ್ನು ಬಣ್ಣ ಹಿಡಿಯುವವು, ಹಿಡಿಯದವು ಎಂದು ಎರಡು ಪಂಗಡ ಮಾಡುವುದು ವಾಡಿಕೆ. ಬಣ್ಣ ಹಿಡಿಯದವುಗಳಲ್ಲಿ ಕೊಂಡಿಯು ಡ್ಯಾಪ್ ಎಂಬ ಅಮೈನೋ ಆಮ್ಲದ್ದು. ಹಿಡಿಯುವವುಗಳಲ್ಲಿ ಅನೇಕಕ್ಕೆ ಲೈಸಿನ್ ಎಂಬುದರದು. ಬ್ಯಾಸಿಲಸ್ ಜಾತಿಯವು ಬಣ್ಣ ಹಿಡಿದರೂ ಡ್ಯಾಪ್ ಕೊಂಡಿಯವೇ. ನೊಣವು ನೋಡುವುದು ಬಣ್ಣವನ್ನಲ್ಲ, ಕೊಂಡಿಯನ್ನು.

ಡ್ಯಾಪ್ ಕೊಂಡಿಯ ಚೂರು ಕಂಡರೆ ಕೊಬ್ಬಿನ ಕಣದ ಮೈಮೇಲಿರುವ ಗ್ರಾಹಕವು ಅದನ್ನು ಹಿಡಿದು, ‘ಇಮ್ಡ್’ ಎಂಬ ದೂತನ ಮೂಲಕ ಒಳಗೆ ಸುದ್ದಿ ಮುಟ್ಟಿಸುವುದು. ಕೊನೆಗೆ ರೆಲಿಶ್ ಎಂಬ ಸಸಾರಜನಕವು ತುಂಡಾಗಿ, ಅದರ ಒಂದು ಭಾಗವು ಕಣದ ಕೇಂದ್ರವನ್ನು ಹೊಕ್ಕು ಡಿಪ್ಟೆರಿಸಿನ್ ಮೊದಲಾದವುಗಳ ವಂಶವಾಹಿಗಳನ್ನು ಎಚ್ಚರಿಸುವುದು. ಲೈಸಿನ್ ಕೊಂಡಿ ಸಿಕ್ಕರೆ ದಾರಿ ಬೇರೆ. ಅದನ್ನು ರಕ್ತದಲ್ಲಿ ತೇಲುವ ಗ್ರಾಹಕವು ಗುರುತಿಸುವುದು. ಒಂದು ಕಿಣ್ವವು ಇನ್ನೊಂದನ್ನು, ಅದು ಮತ್ತೊಂದನ್ನು ಎಬ್ಬಿಸುತ್ತಾ ಹೋಗಿ, ಕಟ್ಟಕಡೆಗೆ ಸ್ಪೆಟ್ಸ್ಲೆ ಎಂಬ ಪದಾರ್ಥವನ್ನು ಕತ್ತರಿಸುವುದು. ಕತ್ತರಿಸಿದ ಸ್ಪೆಟ್ಸ್ಲೆಯು ಕೊಬ್ಬಿನ ಕಣದ ಮೇಲಿರುವ ‘ಟಾಲ್’ ಎಂಬ ಗ್ರಾಹಕಕ್ಕೆ ಅಂಟುವುದು. ಆಗ ಒಳಗೆ ಕ್ಯಾಕ್ಟಸ್ ಎಂಬ ತಡೆಯು ನಾಶವಾಗಿ, ಅದು ಇದುವರೆಗೆ ಹಿಡಿದಿಟ್ಟಿದ್ದ ಸಸಾರಜನಕವು ಬಿಡುಗಡೆಯಾಗಿ ಕೇಂದ್ರವನ್ನು ಸೇರುವುದು. ಬೂಷ್ಟು ರೋಗಗಳಿಗೂ ಇದೇ ದಾರಿ.

ಹೆಸರುಗಳು ವಿಚಿತ್ರವಾಗಿ ಕಂಡರೆ ವಾಚಕರು ಕ್ಷಮಿಸಬೇಕು, ಇಟ್ಟವರು ಜರ್ಮನಿಯಲ್ಲಿದ್ದವರು. ಸ್ಪೆಟ್ಸ್ಲೆ ಎಂದರೆ ದಕ್ಷಿಣ ಜರ್ಮನಿಯ ಕಡೆ ಮಾಡುವ ಶಾವಿಗೆಯಂತಹ ಒಂದು ತಿನಿಸು. ‘ಟಾಲ್’ ಎಂಬುದು ಅವರಲ್ಲಿ ನಮ್ಮ ‘ಭಲೆ’ ಎಂಬಂತಹ ಉದ್ಗಾರ. ಕ್ರಿಸ್ಟಿಯಾನ ನ್ಯೂಸ್ಲೈನ್ ಫೋಲ್ಹಾರ್ಡ್ ಅವರ ಸಂಶೋಧನಾಲಯದಲ್ಲಿ ಈ ವಂಶವಾಹಿಯು ಮೊದಲು ಸಿಕ್ಕಿದುದು ರೋಗದ ಸಂಬಂಧವಾಗಿ ಅಲ್ಲ. ಮೊಟ್ಟೆಯೊಳಗಿನ ಮರಿಗೆ ಬೆನ್ನು ಯಾವುದು ಹೊಟ್ಟೆ ಯಾವುದು ಎಂಬುದನ್ನು ಗೊತ್ತುಮಾಡುವ ವಂಶವಾಹಿಗಳನ್ನು ಹುಡುಕುತ್ತಿದ್ದಾಗ. ಆ ಕೆಲಸಕ್ಕಾಗಿ ೧೯೯೫ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಅದೇ ವರ್ಷ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದಲ್ಲಿ ಜೂಲ್ಸ್ ಹಾಫ್‌ಮನ್ ಅವರ ಸಂಶೋಧನಾಲಯದವರು ಇಮ್ಡ್ ಕೆಟ್ಟ ನೊಣಗಳನ್ನು ವರ್ಣಿಸಿದರು. ಅವು ಬೂಷ್ಟನ್ನು ತಡೆಯುತ್ತಿದ್ದವು, ಬ್ಯಾಕ್ಟೀರಿಯಕ್ಕೆ ಸಾಯುತ್ತಿದ್ದವು. ಹಾಗಾದರೆ ಬೂಷ್ಟಿಗೆ ಬೇರೊಂದು ಕಾವಲಿರಬೇಕು. ೧೯೯೬ರಲ್ಲಿ ಬ್ರೂನೊ ಲೆಮೆತ್ರ್ ಮತ್ತು ಹಾಫ್‌ಮನ್ ಮೊದಲಾದವರು ಟಾಲ್ ಕೆಟ್ಟ ನೊಣಗಳಿಗೆ ಆಸ್ಪರ್ಜಿಲಸ್ ಎಂಬ ಬೂಷ್ಟನ್ನು ಸೋಂಕಿಸಿ ನೋಡಿದರು. ನೊಣಗಳು ಸತ್ತವು, ಸತ್ತ ನೊಣದ ಮೈಯೆಲ್ಲ ಬೂಷ್ಟಿನ ಎಳೆಗಳು ಹುಲ್ಲಿನಂತೆ ಎದ್ದಿರುವ ಚಿತ್ರವು ಜಗತ್ಪ್ರಸಿದ್ಧವಾಯಿತು. ನಮ್ಮಲ್ಲಿ ಸುಣ್ಣಕಟ್ಟುರೋಗದಿಂದ ಸತ್ತ ರೇಷ್ಮೆಹುಳುವನ್ನು ಕಂಡವರಿಗೆ ಆ ಚಿತ್ರವು ಅಪರಿಚಿತವೆನಿಸದು.

ಬೆನ್ನು ಹೊಟ್ಟೆಗಳನ್ನು ಗೊತ್ತುಮಾಡುವ ವಂಶವಾಹಿಯೇ ದೊಡ್ಡ ನೊಣದಲ್ಲಿ ಮೈಗಾವಲಿಗೂ ನಿಲ್ಲುವುದೆಂಬ ಈ ಸಂಗತಿಯಿಂದ ವೈದ್ಯಶಾಸ್ತ್ರದಲ್ಲಿ ದೊಡ್ಡ ಬದಲಾವಣೆಯಾಯಿತು. ೧೯೯೭ರಲ್ಲಿ ಅಮೆರಿಕದ ಮೆಡ್ಜಿಟಾವ್, ಜೇನ್ವೇ ಮೊದಲಾದವರು ಮನುಷ್ಯನಲ್ಲಿಯೂ ಟಾಲ್‌ನ ಬಂಧುವೊಂದು ರೋಗರಕ್ಷಣೆಯನ್ನು ಎಚ್ಚರಿಸುವುದೆಂದು ತೋರಿಸಿದರು. ೧೯೯೮ರಲ್ಲಿ ಬ್ರೂಸ್ ಬಾಯ್ಟ್ಲರ್ ಅವರು ಇಲಿಗಳಲ್ಲಿ ಬ್ಯಾಕ್ಟೀರಿಯದ ವಿಷವನ್ನು ಗುರುತಿಸುವುದು ಅಂತಹದೇ ಗ್ರಾಹಕವೆಂದು ಕಂಡುಹಿಡಿದರು. ೨೦೧೧ರಲ್ಲಿ ಹಾಫ್‌ಮನ್, ಬಾಯ್ಟ್ಲರ್ ಇಬ್ಬರಿಗೂ, ಬೇರೊಂದು ಸಂಬಂಧವಾದ ಕೆಲಸಕ್ಕಾಗಿ ರಾಲ್ಫ್ ಸ್ಟೈನ್‌ಮನ್ ಅವರಿಗೂ ನೊಬೆಲ್ ಪಾರಿತೋಷಕವು ಸಂದಿತು. ಸ್ಟೈನ್‌ಮನ್ ಅವರು ಪ್ರಕಟಣೆಗೆ ಮೂರು ದಿನ ಮುಂಚೆಯೇ ತೀರಿಕೊಂಡಿದ್ದರು.

ಪೆಪ್ಟೈಡ್‌ಗಳು ಇಷ್ಟೊಂದು ಬಗೆಯವು ಏಕೆ? ಎಲ್ಲವೂ ಕೂಡಿ ಎಲ್ಲ ಶತ್ರುಗಳನ್ನೂ ಹೊಡೆಯುವುವು ಎಂದು ಬಹಳ ದಿನ ನಂಬಿದ್ದರು. ೨೦೧೯ರಲ್ಲಿ ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ಲೆಮೆತ್ರ್ ಅವರ ಸಂಶೋಧನಾಲಯದವರು ಈ ವಂಶವಾಹಿಗಳನ್ನು ಒಂದೊಂದಾಗಿಯೂ ಗುಂಪುಗುಂಪಾಗಿಯೂ ತೆಗೆದುಹಾಕಿದ ನೊಣಗಳನ್ನು ಬೆಳೆಸಿ ನೋಡಿದರು. ಪ್ರಾವಿಡೆನ್ಸಿಯ ಎಂಬ ಬ್ಯಾಕ್ಟೀರಿಯವನ್ನು ತಡೆಯಲು ಡಿಪ್ಟೆರಿಸಿನ್ ಒಂದೇ ಮುಖ್ಯವಾಗಿತ್ತು. ಎಂಟೆರೊಬ್ಯಾಕ್ಟರ್ ಎಂಬುದಕ್ಕೆ ಡ್ರೊಸೊಸಿನ್ ಬೇಕಾಗಿತ್ತು. ೨೦೨೩ರಲ್ಲಿ ಅದೇ ಸಂಶೋಧನಾಲಯದಿಂದ ಇನ್ನೊಂದು ವಿಷಯ ಹೊರಬಿದ್ದಿತು. ಡಿಪ್ಟೆರಿಸಿನ್‌ನಲ್ಲಿ ಎರಡು ಬಗೆ. ಎರಡನೆಯದು ಅಸಿಟೊಬ್ಯಾಕ್ಟರ್ ಎಂಬ, ಹಣ್ಣನ್ನು ಹುಳಿಮಾಡಿ ಕಾಡಿಯಾಗಿಸುವ ಬ್ಯಾಕ್ಟೀರಿಯಕ್ಕಾಗಿಯೇ ಇರುವುದು. ಹಣ್ಣನ್ನು ಬಿಟ್ಟು ಬೇರೆ ಆಹಾರಕ್ಕೆ ಹೋದ ನೊಣದ ಜಾತಿಗಳಲ್ಲಿ ಈ ಎರಡನೆಯ ಬಗೆಯು ಕಾಲಕ್ರಮದಲ್ಲಿ ಕಳೆದುಹೋಗಿರುತ್ತದೆ. ಉಣ್ಣುವ ಊಟಕ್ಕೆ ತಕ್ಕ ಮದ್ದನ್ನು ಪ್ರಕೃತಿಯು ಹೀಗೆ ಆರಿಸಿ ಇಟ್ಟಿರುವುದನ್ನು ಓದಿದಾಗ ನನಗೆ ಬಹಳ ಸಂತೋಷವಾಯಿತು.

ಆದರೆ ಬ್ಯಾಕ್ಟೀರಿಯಗಳೆಲ್ಲವೂ ಶತ್ರುಗಳಲ್ಲ. ಅದೇ ಅಸಿಟೊಬ್ಯಾಕ್ಟರ್ ಕರುಳಿನಲ್ಲಿ ಮಿತವಾಗಿದ್ದರೆ ಮರಿಯ ಬೆಳವಣಿಗೆಗೆ ಸಹಾಯವೇ ಆಗುವುದೆಂದು ೨೦೧೧ರಲ್ಲಿ ಗೊತ್ತಾಯಿತು. ಮೊಸರಿನ ಜಾತಿಯ ಒಂದು ಬ್ಯಾಕ್ಟೀರಿಯವೂ ಹಾಗೆಯೇ, ಬಡ ಆಹಾರದಲ್ಲಿ ಬೆಳೆಯುವ ಮರಿಗೆ ಆಸರೆಯಾಗುವುದು. ಕರುಳಿನಲ್ಲಿ ಬಲೆಯ ಚೂರುಗಳು ಸದಾ ಇದ್ದೇ ಇರುವುವು. ಕಂಡಾಗಲೆಲ್ಲ ಕೊಬ್ಬಿನ ಅಂಗವು ಎದ್ದು ಕುಳಿತರೆ ನೊಣವು ಬದುಕುವಂತಿಲ್ಲ. ಆದಕಾರಣ ಆ ಚೂರುಗಳನ್ನು ಇನ್ನೂ ಸಣ್ಣದಾಗಿ ಕತ್ತರಿಸಿ ನಿರುಪದ್ರವಿಯಾಗಿ ಮಾಡುವ ಕಿಣ್ವಗಳು ಕರುಳಿನಲ್ಲಿವೆ. ಅವೂ ಮೇಲೆ ಹೇಳಿದ ೧೩ರ ಬಳಗದವೇ. ಇವು ಕೆಟ್ಟರೆ ಕಾವಲು ಮಿತಿಮೀರಿ ನೊಣಕ್ಕೇ ತೊಂದರೆಯಾಗುವುದು. ನಿಜವಾದ ರೋಗಾಣು ಬಂದಾಗಲಾದರೋ ಕರುಳಿನ ಕಣಗಳು ತೀಕ್ಷ್ಣವಾದ ಆಮ್ಲಜನಕದ ಸಂಯುಕ್ತಗಳನ್ನು ಬಿಟ್ಟು ಅದನ್ನು ಸುಡುವುವು. ಆ ಹೋರಾಟದಲ್ಲಿ ನಾಶವಾದ ಕಣಗಳ ಸ್ಥಳದಲ್ಲಿ ಹೊಸ ಕಣಗಳು ಹುಟ್ಟುವುವು. ಹುಳುಗಳಿಗೆ ಒಳ್ಳೆಯದಾಗಲೆಂದು ಸಿಕ್ಕಿದ ಔಷಧವನ್ನೆಲ್ಲ ಸೊಪ್ಪಿಗೆ ಎರಚುವವರು ಈ ಸಂಗತಿಯನ್ನು ಸ್ವಲ್ಪ ಆಲೋಚಿಸಬೇಕು.

ಶತ್ರುಗಳೂ ಸುಮ್ಮನಿರುವುದಿಲ್ಲ. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯವನ್ನು ಬಿ.ಟಿ. ಎಂಬ ಹೆಸರಿನಿಂದ ನಮ್ಮ ರೈತರೆಲ್ಲರೂ ಬಲ್ಲರು. ಸಿಕ್ರೋಪಿನ್ ಮತ್ತು ಅಟ್ಟಾಸಿನ್‌ಗಳನ್ನು ತುಂಡರಿಸುವ ಒಂದು ಕಿಣ್ವವನ್ನು ಇದು ಹೊರಬಿಡುವುದೆಂದು ೧೯೮೪ರಲ್ಲಿ ಸ್ವೀಡನ್ನಿನವರು ತೋರಿಸಿದರು. ಗ್ವಾಡಲೂಪ್ ದ್ವೀಪದಲ್ಲಿ ಹಿಡಿದ ಹಣ್ಣಿನ ನೊಣದಿಂದ ಬೇರ್ಪಡಿಸಿದ ಸ್ಯೂಡೊಮೊನಾಸ್ ಎಂಟೊಮೊಫಿಲ ಎಂಬುದೂ ಇಂತಹ ಕಿಣ್ವವನ್ನು ಉಪಯೋಗಿಸುವುದು. ಮಲೆನಾಡಿನ ಅಡಿಕೆ ತೋಟಗಳಲ್ಲಿ ಬೇರುಹುಳುವಿಗೆ ಬಿಡುವ ಜಂತುಹುಳುಗಳ ಪುಡಿಯಿದೆಯಷ್ಟೆ. ಆ ಜಂತುಗಳು ಬೇರುಹುಳುವಿನ ಮೈಯೊಳಗೆ ಹೊಕ್ಕು ತಮ್ಮ ಕರುಳಿನಲ್ಲಿ ಹೊತ್ತು ತಂದ ಬ್ಯಾಕ್ಟೀರಿಯವನ್ನು ಅಲ್ಲಿ ಉಗುಳುವುವು. ಆ ಬ್ಯಾಕ್ಟೀರಿಯವು ಹುಳುವಿನ ಕಾವಲನ್ನು ಅಡಗಿಸಿ ಅದನ್ನು ಕೊಲ್ಲುವುದು. ನಾವು ಜೈವಿಕ ಕೀಟನಾಶಕವೆಂದು ಕೊಳ್ಳುವುದು ಅನೇಕ ವೇಳೆ ಈ ಕಾವಲನ್ನು ಮುರಿಯುವ ವಿದ್ಯೆಯನ್ನೇ.

ಬಿ.ಟಿ.ಯ ಮಾತು ಬಂದುದರಿಂದ ನನ್ನದೇ ಒಂದು ತಪ್ಪನ್ನು ಹೇಳಬೇಕಾಗಿದೆ. ೨೦೧೪ನೆಯ ಇಸವಿಯಲ್ಲಿ ಒಬ್ಬ ರೈತರ ಎಲೆಕೋಸಿಗೆ ವಜ್ರಬೆನ್ನಿನ ಪತಂಗದ ಹುಳು ಬಹಳವಾಗಿ ಬಿದ್ದಿತ್ತು. ವಿಷದ ಔಷಧಗಳು ಬೇಡ, ಬಿ.ಟಿ. ಹೊಡೆಯಿರಿ, ಮನುಷ್ಯರಿಗೂ ದನಕರುಗಳಿಗೂ ಅಪಾಯವಿಲ್ಲ ಎಂದು ನಾನೇ ಹೇಳಿ ಸಂಜೆ ನಿಂತು ಹೊಡೆಸಿದೆನು. ಬದುವಿನಾಚೆ ಇದ್ದುದು ಬೇರೊಬ್ಬರ ಹಿಪ್ಪುನೇರಳೆ. ಗಾಳಿ ಆ ಕಡೆಗೇ ಬೀಸುತ್ತಿತ್ತು. ಆ ಸೊಪ್ಪು ಮರುದಿನ ತಟ್ಟೆಗೆ ಹೋಯಿತು. ಹುಳುಗಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿದವು, ಮೈ ಸೆಡೆತು ಹಾಗೆಯೇ ಒರಗಿದವು. ಸತ್ತ ಮೇಲೆ ಕಪ್ಪಾದವು. ಇದೇ ಬ್ಯಾಕ್ಟೀರಿಯವನ್ನು ೧೯೦೧ರಲ್ಲಿ ಜಪಾನಿನ ಇಷಿವಾಟ ಅವರು ಮೊದಲು ಕಂಡುಹಿಡಿದುದೇ ಹೀಗೆ ತಟ್ಟನೆ ಸತ್ತ ರೇಷ್ಮೆಹುಳುವಿನಲ್ಲಿ ಎಂಬುದನ್ನು ನಾನು ಪುಸ್ತಕದಲ್ಲಿ ಓದಿದ್ದೆನು. ಹೊಲದಲ್ಲಿ ನೆನಪಿಗೆ ಬರಲಿಲ್ಲ. ಬದುವಿನಾಚೆಯ ಸೊಪ್ಪು ಯಾರ ಮನೆಯ ತಟ್ಟೆಗೆ ಹೋಗುವುದೆಂದು ಒಂದು ಮಾತು ಕೇಳಿದ್ದರೆ ಸಾಕಾಗಿತ್ತು. ಆ ಮನೆಯವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮೇಲಾಗಿತ್ತು.

ಅಷ್ಟು ಕಾವಲಿದ್ದ ಹುಳುಗಳು ಹೀಗೆ ಕೆಲವೇ ಗಂಟೆಗಳಲ್ಲಿ ಏಕೆ ಬಿದ್ದವು? ಬಿ.ಟಿ.ಯ ವಿಷವು ಹರಳಿನ ರೂಪದಲ್ಲಿರುವುದು. ರೇಷ್ಮೆಹುಳುವಿನ ಕರುಳು ಬಹಳ ಕ್ಷಾರಗುಣವುಳ್ಳದ್ದು. ಅಲ್ಲಿ ಹರಳು ಕರಗಿ, ವಿಷವು ಕರುಳಿನ ಕಣಗಳಿಗೆ ಅಂಟಿ ತೂತು ಮಾಡುವುದು. ಕಣಗಳು ಉಬ್ಬಿ ಒಡೆಯುವುವು. ಕೊಬ್ಬಿನ ಅಂಗಕ್ಕೆ ಸುದ್ದಿ ಮುಟ್ಟಿ ಪೆಪ್ಟೈಡ್ ತಯಾರಾಗುವ ಹೊತ್ತಿಗೆ ಕರುಳೇ ಹರಿದಿರುವುದು. ಪೆಪ್ಟೈಡ್‌ಗಳು ಜೀವವುಳ್ಳ ಬ್ಯಾಕ್ಟೀರಿಯವನ್ನು ಕೊಲ್ಲಬಲ್ಲವು, ಹರಳಿನ ವಿಷವನ್ನು ಏನೂ ಮಾಡಲಾರವು. ಆದುದರಿಂದ ಹಿಪ್ಪುನೇರಳೆಯ ನೆರೆಯಲ್ಲಿ ಬಿ.ಟಿ.ಯನ್ನು ಎಂದಿಗೂ ಹೊಡೆಯತಕ್ಕದ್ದಲ್ಲ. ಹುಳುಮನೆಯಲ್ಲಿ ಕೆಲಸ ಮಾಡುವವರು ಬಿ.ಟಿ. ಹೊಡೆದ ಬಟ್ಟೆಯಲ್ಲಿ ಒಳಗೆ ಬರತಕ್ಕದ್ದಲ್ಲ.

ಕಾವಲಿಗೆ ಖರ್ಚೂ ಉಂಟು. ಕಣಜವೂ ಮದ್ದಿನಮನೆಯೂ ಒಂದೇ ಅಂಗವೆಂದು ಹಿಂದೆ ಹೇಳಿದೆನಷ್ಟೆ. ನೊಣದ ಮರಿಗಳಲ್ಲಿ ಟಾಲ್ ದಾರಿಯು ಎಚ್ಚೆತ್ತಿರುವಾಗ ಕೊಬ್ಬಿನ ಸಂಗ್ರಹವೂ ಬೆಳವಣಿಗೆಯೂ ಕುಗ್ಗುವುದೆಂದು ೨೦೦೯ರಲ್ಲಿ ತೋರಿಸಲಾಯಿತು. ೧೯೯೭ರಲ್ಲಿ ಇಂಗ್ಲೆಂಡಿನವರು ಕಣಜದ ಮೊಟ್ಟೆಯನ್ನು ತಡೆಯಬಲ್ಲ ನೊಣಗಳನ್ನೇ ಕೆಲವು ತಲೆಮಾರು ಆರಿಸಿ ಬೆಳೆಸಿದಾಗ, ಅವು ಕಣಜವನ್ನು ಚೆನ್ನಾಗಿ ತಡೆದವು. ಆದರೆ ಆಹಾರವು ಸಾಲದಾದಾಗ ಬೇರೆ ಮರಿಗಳೊಡನೆ ಪೈಪೋಟಿಯಲ್ಲಿ ಸೋತವು. ನಮ್ಮ ಮೈಸೂರು ತಳಿಯ ಹುಳು ಗಟ್ಟಿ, ಗೂಡು ಚಿಕ್ಕದು. ದ್ವಿಸಂತತಿಯ ಗೂಡು ದೊಡ್ಡದು, ಹುಳು ನಾಜೂಕು. ಎರಡಕ್ಕೂ ಕಾರಣ ಒಂದೇ ಎಂದು ನಾನು ಹೇಳುವುದಿಲ್ಲ. ಹಳಸಿದ ಸೊಪ್ಪನ್ನು ತಿಂದ, ಒತ್ತಾಗಿ ಬಿದ್ದಿರುವ, ಸೆಕೆಗೆ ಬೆಂದ ಹುಳುವಿನಿಂದ ಬಲವಾದ ಕಾವಲನ್ನು ನಿರೀಕ್ಷಿಸುವುದು ನ್ಯಾಯವಲ್ಲವೆಂದು ಮಾತ್ರ ಹೇಳುವೆನು.

ಇನ್ನು ಸೂಜಿಯ ಪ್ರಶ್ನೆ. ನೊಣಕ್ಕೆ ಜ್ಞಾಪಕವು ಸ್ವಲ್ಪವೂ ಇಲ್ಲವೆಂದು ಹೇಳಲಾಗದು. ನ್ಯುಮೋನಿಯ ತರುವ ಸ್ಟ್ರೆಪ್ಟೊಕಾಕಸ್ ಅನ್ನು ಸತ್ತ ಸ್ಥಿತಿಯಲ್ಲಿ ಮೊದಲು ಚುಚ್ಚಿದ ನೊಣಗಳು, ಅದೇ ಬ್ಯಾಕ್ಟೀರಿಯವನ್ನು ಜೀವಂತವಾಗಿ ಚುಚ್ಚಿದಾಗ ಬಹು ದಿನಗಳ ಮೇಲೂ ಬದುಕಿಕೊಂಡವೆಂದು ೨೦೦೭ರಲ್ಲಿ ಅಮೆರಿಕದಲ್ಲಿ ಕಂಡುಬಂದಿತು. ಅದಕ್ಕೆ ನುಂಗುವ ಕಣಗಳೂ ಟಾಲ್ ದಾರಿಯೂ ಕಾರಣ. ಆದರೆ ಪರೀಕ್ಷಿಸಿದ ಬೇರೆ ಬ್ಯಾಕ್ಟೀರಿಯಗಳಲ್ಲಿ ಅನೇಕದರ ವಿಷಯದಲ್ಲಿ ಹಾಗಾಗಲಿಲ್ಲ. ಪೆಪ್ಟೈಡ್‌ಗಳ ರಕ್ಷಣೆಯಾದರೋ ಕೆಲವು ದಿನಗಳದು. ಅಲ್ಲದೆ ಸಪ್ಪೆರೋಗಕ್ಕೆ ಒಂದೇ ರೋಗಾಣು ಕಾರಣವಲ್ಲ. ಹಲವು ಬ್ಯಾಕ್ಟೀರಿಯಗಳೂ ವೈರಸ್‌ಗಳೂ ಸೇರಿ ತರುವ ರೋಗವದು. ಒಂದು ಮನೆಯ ಸಾವಿರಾರು ಹುಳುಗಳಿಗೆ ಒಂದೊಂದಾಗಿ ಸೂಜಿ ಹಾಕುವವರು ಯಾರು? ಹಾಕಿದರೂ ಆ ಗಾಯವೇ ರೋಗಕ್ಕೆ ಬಾಗಿಲಾದೀತು. ಕಾವಲಿನ ಎದುರಿಗೆ ಬರುವ ಶತ್ರುಗಳ ಸಂಖ್ಯೆಯನ್ನು ಕಡಮೆ ಮಾಡುವುದು ನಮ್ಮ ಕೈಯಲ್ಲಿದೆ. ೧೦೦ ಲೀಟರು ನೀರಿಗೆ ೨ ಕಿಲೋಗ್ರಾಂ ಬ್ಲೀಚಿಂಗ್ ಪುಡಿಯನ್ನೂ ೩೦೦ ಗ್ರಾಂ ಅರಳಿದ ಸುಣ್ಣವನ್ನೂ ಕಲಸಿ, ಪ್ರತಿ ಬೆಳೆಯಾದ ಮೇಲೆ ಹುಳುಮನೆ, ತಟ್ಟೆ, ಚಂದ್ರಿಕೆಗಳನ್ನೆಲ್ಲ ನೆನೆಯುವಂತೆ ತೊಳೆಯಬೇಕು. ಪುಡಿಯು ಹಳೆಯದಾಗಿ ಘಾಟು ಹೋಗಿದ್ದರೆ ತೊಳೆದೂ ಪ್ರಯೋಜನವಿಲ್ಲ.

೨೦೨೪ನೆಯ ಇಸವಿಯಲ್ಲಿ ಆ ವೃದ್ಧರ ಮನೆಗೆ ಮತ್ತೆ ಹೋಗಿದ್ದೆನು. ಹಿತ್ತಲಿನಲ್ಲಿ ಮೊಮ್ಮಗನನ್ನು ಕೂಡಿಸಿಕೊಂಡು ತಟ್ಟೆಗಳನ್ನು ತೊಟ್ಟಿಯಲ್ಲಿ ಅದ್ದುತ್ತಿದ್ದರು. ಬ್ಲೀಚಿಂಗ್ ಪುಡಿಯ ಘಾಟು ಬೀದಿಗೇ ಬರುತ್ತಿತ್ತು. ನನ್ನನ್ನು ಕಂಡು, “ಸೂಜಿ ಬಂತೇ ಸ್ವಾಮಿ?” ಎಂದರು. ಬಂದಿಲ್ಲವೆಂದೆನು. ಮೊಮ್ಮಗನಿಗೆ ಇನ್ನೊಂದು ತಟ್ಟೆ ತರಲು ಹೇಳಿದರು.